ಅವಳನ್ನು ಕೇಳಲೇ ಇಲ್ಲ

2009ರ ಸೆಪ್ಟೆಂಬರ್ ಕೊನೆಯ ವಾರ ಶುರುವಾದ ಮಳೆ ಅಕ್ಟೋಬರ್ 2ರ ಹೊತ್ತಿಗೆ ಉತ್ತರ ಕರ್ನಾಟಕವನ್ನು ಮುಳುಗಿಸಿತ್ತು. ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಗೆ ಕೂಡುವ ಮಲಪ್ರಭೆ ರೋಣ, ಬಾದಾಮಿಯ ಕಡೆ ವರ್ಷದ ಬಹಳಷ್ಟು ದಿನ ಜಾಲಿಕಂಟಿಯ ನಡುವೆ ಸಪ್ಪಗೆ ಹರಿಯುವ ಹೊಳೆ. ಆ ವಾರ ಅದಕ್ಕೆ ಬೆಣ್ಣಿಹಳ್ಳದ ನೀರೂ ಸೇರಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಎಷ್ಟು ಮನೆ ಬಿದ್ದವು ಎಂದರೆ ಲೆಕ್ಕ ಲಕ್ಷದಲ್ಲಿ.

ನಾನಾಗ ಧಾರವಾಡದಲ್ಲಿ ಕಾಲೇಜು ಮೇಷ್ಟರು. ಗೆಳೆಯರೆಲ್ಲ ಸೇರಿ ಅಕ್ಕಿ, ಬಟ್ಟೆ, ಬಿಸ್ಕತ್ತು ಕೂಡಿಸಿ ಒಂದು ಟೆಂಪೋದಲ್ಲಿ ಹೊಳೆದಂಡೆಯ ಒಂದು ಊರಿಗೆ ಹೋದೆವು. ಊರಿನ ಹೆಸರು ಇಲ್ಲಿ ಬೇಡ. ಹುಡುಗಿಯ ಹೆಸರಂತೂ ಬೇಡವೇ ಬೇಡ.

ಮಣ್ಣಿನ ಮಾಳಿಗೆ ಮನೆಗಳು ಕೂತಲ್ಲೇ ಕುಸಿದಿದ್ದವು. ನೆಲದೊಳಗಿನ ಹಗೇವುಗಳಿಗೆ ನೀರು ನುಗ್ಗಿ ವರ್ಷದ ಜೋಳವೆಲ್ಲ ಕೊಳೆತು, ಓಣಿಗೆ ಓಣಿಯೇ ಹುಳಿ ನಾರುತ್ತಿತ್ತು. ದಿಬ್ಬದ ಮೇಲಿನ ಗುಡಿಯಲ್ಲಿ ಗಂಜಿ ಕೇಂದ್ರ. ನಮಗಿಂತ ಮೊದಲು ಬಂದ ಲಾರಿಗಳು ಇಳಿಸಿ ಹೋದ ಹಳೆಯ ಬಟ್ಟೆಯ ಗುಡ್ಡೆ ರಸ್ತೆ ಬದಿಗೆ ಕೆಸರಲ್ಲಿ ಬಿದ್ದಿತ್ತು. ಇಳಕಲ್ ಸೀರೆ ಉಡುವ ಹೆಣ್ಣುಮಕ್ಕಳು ಅದರಲ್ಲಿದ್ದ ನೈಟಿ, ಜೀನ್ಸ್ ಏನು ಮಾಡಿಯಾರು?

ಅವಳನ್ನು ನಾನು ಮೊದಲು ನೋಡಿದ್ದು ಗುಡಿಯ ಕಟ್ಟೆಯ ಮೇಲೆ. ಹನ್ನೊಂದು ವರ್ಷ, ಆರನೇ ಇಯತ್ತೆ. ನಾಲ್ಕು ವರ್ಷದ ತಮ್ಮನನ್ನು ಬಗಲಲ್ಲಿ ಕೂರಿಸಿಕೊಂಡು ಅನ್ನ ಕಲಸಿ ಉಣ್ಣಿಸುತ್ತಿದ್ದಳು. ಒಂದು ತುತ್ತು ಅವನಿಗೆ, ಒಂದು ತನಗೆ. ಅವನು ಮುಖ ತಿರುಗಿಸಿದರೆ ತನ್ನ ತುತ್ತನ್ನೂ ಕೈಯಲ್ಲೇ ಹಿಡಿದು ಕಾಯುತ್ತಿದ್ದಳು. ನಾನು ಅದನ್ನು ನೋಡಿದೆ, ಮೊಬೈಲಿನಲ್ಲಿ ಫೋಟೊ ಕೂಡ ತೆಗೆದುಕೊಂಡೆ. ಆದರೆ ಆ ಇಬ್ಬರ ನಡುವೆ ಏನಿದೆ ಎಂಬುದು ನನ್ನ ತಲೆಗೆ ಹೋಗಲಿಲ್ಲ. ನನಗೆ ಕಂಡಿದ್ದು ಒಬ್ಬ ಚುರುಕು ಹುಡುಗಿ, ಅವಳ ಹಾಳಾಗುತ್ತಿರುವ ಓದು, ಅದನ್ನು ಉಳಿಸಬಲ್ಲ ನಾನು.

ಧಾರವಾಡದಲ್ಲಿ ಪರಿಚಯದ ಟ್ರಸ್ಟೊಂದರ ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು, ಪಕ್ಕದಲ್ಲೇ ಶಾಲೆ. ದೀಪಾವಳಿ ಕಳೆದು ಎರಡು ವಾರಕ್ಕೆ ಮತ್ತೆ ಊರಿಗೆ ಹೋಗಿ ಅವಳಪ್ಪನೊಡನೆ ಮಾತಾಡಿದೆ. ತಗಡು ಹೊದಿಸಿದ ಶೆಡ್ಡಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ಅವನು ಬಹಳ ಹೊತ್ತು ನೆಲ ನೋಡುತ್ತಿದ್ದು, "ನೀವು ಕಲ್ತವ್ರು. ನೀವು ಹೇಳಿದ ಮ್ಯಾಲ ಆತ್ರೀ ಸರ" ಅಂದ. ಅದನ್ನು ಒಪ್ಪಿಗೆ ಎಂದುಕೊಂಡೆ. ಮನೆ, ಕಾಳು, ಹೊಲದ ಉಳ್ಳಾಗಡ್ಡಿ ಎಲ್ಲ ಕಳೆದುಕೊಂಡು, ನಾನೇ ತಂದ ಅಕ್ಕಿಯಲ್ಲಿ ಗಂಜಿ ಕಾಸುತ್ತಿರುವ ಮನುಷ್ಯ ನನಗೆ "ಬ್ಯಾಡ" ಎನ್ನಲು ಸಾಧ್ಯವಿತ್ತೇ? ಆ ಪ್ರಶ್ನೆ ನನಗೆ ಹೊಳೆದಿದ್ದು ಎಷ್ಟೋ ತಡವಾಗಿ.

ಹುಡುಗಿ ಒಂದೇ ಮಾತು ಕೇಳಿದಳು. "ತಮ್ಮಗ ಯಾರು ಉಣ್ಣಸ್ತಾರ್ರೀ ಸರ?"

"ನಿಮ್ಮವ್ವ ಇದ್ದಾಳಲ್ಲವಾ" ಅಂದು ಅವಳ ಟ್ರಂಕನ್ನು ಜೀಪಿಗೆ ಹಾಕಿದೆ.

ಊರ ಶಾಲೆಯ ದಾಖಲಾತಿ ಪುಸ್ತಕಗಳು ನೀರಲ್ಲಿ ನೆಂದು ಮುದ್ದೆಯಾಗಿದ್ದವು. ಹೆಡ್‌ ಮಾಸ್ತರು ಅವಳು ತಮ್ಮಲ್ಲಿ ಓದುತ್ತಿದ್ದಳೆಂದು ಬಿಳಿ ಹಾಳೆಯ ಮೇಲೆ ಬರೆದು ಸೀಲು ಒತ್ತಿಕೊಟ್ಟರು. ಧಾರವಾಡದ ಶಾಲೆಯಲ್ಲಿ ಅರ್ಜಿ ತುಂಬಿದವನು ನಾನೇ. ಹತ್ತೇ ನಿಮಿಷದ ಕೆಲಸ. ಅವಳು ಪಕ್ಕದಲ್ಲಿ ನಿಂತು ನನ್ನ ಪೆನ್ನನ್ನೇ ನೋಡುತ್ತಿದ್ದಳು.

ಹಾಸ್ಟೆಲಿನಲ್ಲಿ ಮೂರು ಹೊತ್ತು ಊಟ, ಹೊಸ ಯೂನಿಫಾರ್ಮು, ಸ್ವಂತದ್ದೊಂದು ಮಂಚ. ಎರಡನೇ ವಾರಕ್ಕೆ ವಾರ್ಡನ್ ಫೋನು ಮಾಡಿದರು: ಹುಡುಗಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾಳೆ, ತಟ್ಟೆಯಲ್ಲಿ ಅರ್ಧ ಊಟ ತೆಗೆದಿಟ್ಟು ಕೂರುತ್ತಾಳೆ. "ಹೊಂದಿಕೋತಾಳ, ಬಿಡ್ರಿ" ಅಂದೆ. ನವೆಂಬರಿನಲ್ಲಿ ಒಂದು ರಾತ್ರಿ ಅಕಾಲ ಮಳೆ ಸುರಿದಾಗ ಅವಳು ಎದ್ದು, ಬಟ್ಟೆಯೆಲ್ಲ ಗಂಟು ಕಟ್ಟಿಕೊಂಡು ಬೆಳಗಿನವರೆಗೆ ಮೆಟ್ಟಿಲ ಮೇಲಿನ ತುದಿಯಲ್ಲಿ ಕೂತಿದ್ದಳಂತೆ. ಅದಕ್ಕೂ ನಾನು ಅದೇ ಮಾತು ಹೇಳಿದೆ.

ಇನ್ನೊಂದು ತಪ್ಪನ್ನೂ ಹೇಳಿಬಿಡಬೇಕು. ಹಾಸ್ಟೆಲಿಗೆ ದೇಣಿಗೆ ಕೊಡುವವರು ಬಂದಾಗಲೆಲ್ಲ ನಾನು ಅವಳನ್ನು ಕರೆಸುತ್ತಿದ್ದೆ. "ಆ ರಾತ್ರಿ ಏನಾತು, ಹೇಳವಾ." ಅವಳು ಹೇಳುತ್ತಿದ್ದಳು: ಕತ್ತಲು, ಹಗ್ಗ ಬಿಚ್ಚಲಾಗದೆ ಬಿಟ್ಟ ಎಮ್ಮೆ, ಹೆಗಲ ಮೇಲಿನ ತಮ್ಮ, ಎದೆಮಟ್ಟ ನೀರು. ಕೇಳಿದವರ ಕಣ್ಣು ತುಂಬುತ್ತಿದ್ದವು, ಚೆಕ್ಕು ಬರುತ್ತಿದ್ದವು. ನಾಲ್ಕನೇ ಸಲಕ್ಕೆ ಅವಳ ದನಿ ಪಾಠ ಒಪ್ಪಿಸುವವರ ದನಿಯಾಗಿತ್ತು. ಎಮ್ಮೆಯ ಮಾತು ಬಂದಾಗ ಮಾತ್ರ ಕೈಬೆರಳು ಲಂಗದ ಅಂಚನ್ನು ಸುತ್ತಿ ಸುತ್ತಿ ಬಿಡುತ್ತಿತ್ತು.

ಬೆಂಗಳೂರಿನ ನಿಮ್ಹಾನ್ಸ್‌ನವರು ಒಡಿಶಾದ 1999ರ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಇಲ್ಲೆಲ್ಲ ಸಂತ್ರಸ್ತರ ಮನಸ್ಸಿನ ಆರೈಕೆಯ ಕೆಲಸ ಮಾಡಿದ್ದರು. ನಮ್ಮದೇ ರಾಜ್ಯದ ಸಂಸ್ಥೆ. ಒಂದು ಫೋನು ಮಾಡಿ ಕೇಳಬಹುದಿತ್ತು. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಇಂಥ ಹೊತ್ತಿನ ಮೊದಲ ಮಾನಸಿಕ ನೆರವಿಗೆಂದು ಒಂದು ಕೈಪಿಡಿ ತಂದಿತು. ನಾನದನ್ನು ಓದಿದ್ದು ಬಹಳ ಆಮೇಲೆ. ಅದರ ಸಾರ ಮೂರು ಮಾತು: ನೋಡಿ, ಆಲಿಸಿ, ಜೋಡಿಸಿ. ಆದದ್ದನ್ನೆಲ್ಲ ಹೇಳು ಎಂದು ಒತ್ತಾಯ ಮಾಡಬಾರದು ಎಂದು ಅದರಲ್ಲಿ ಸ್ಪಷ್ಟವಾಗಿದೆ. ಜೋಡಿಸುವುದೆಂದರೆ ಅವರ ಮಂದಿಯೊಂದಿಗೆ, ಸಿಗಬೇಕಾದ ಸೌಲಭ್ಯಗಳೊಂದಿಗೆ. ಅವಳನ್ನು ಜೋಡಿಸಿದ್ದ ಒಂದೇ ಎಳೆ ಆ ತಮ್ಮ. ಆ ಎಳೆ ಕಡಿದವನು ನಾನು.

2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಯಿತು. ಆ ತಿಂಗಳ ಕೊನೆಗೆ ಅಮೆರಿಕದ ಒಂದು ಧಾರ್ಮಿಕ ಗುಂಪು ಅಲ್ಲಿನ 33 ಮಕ್ಕಳನ್ನು ಅನಾಥರೆಂದು ಗಡಿ ದಾಟಿಸಲು ಹೋಗಿ ಸಿಕ್ಕಿಬಿತ್ತು. ಆ ಮಕ್ಕಳಿಗೆ ತಂದೆತಾಯಿ ಇದ್ದರು. ಒಳ್ಳೆಯ ಓದು ಸಿಗುತ್ತದೆಂಬ ಮಾತು ನಂಬಿ ಕಳಿಸಿದ್ದರು. ಸ್ಟಾಫ್ ರೂಮಿನಲ್ಲಿ ಆ ಸುದ್ದಿಯನ್ನು ಗಟ್ಟಿಯಾಗಿ ಓದಿ ಸಿಟ್ಟಾದೆ. ಇಂಥವರನ್ನು ಸುಮ್ಮನೆ ಬಿಡಬಾರದು ಅಂದೆ. ಅಲ್ಲಿಂದ ಎರಡು ಕಿಲೋಮೀಟರ್ ದೂರದ ಹಾಸ್ಟೆಲಿನಲ್ಲಿ ನಾನೇ ಕರೆತಂದ ಹುಡುಗಿ ಇದ್ದಳು. ಆ ದಿನ ಒಂದು ಕ್ಷಣವೂ ಅವಳು ನನ್ನ ನೆನಪಿಗೆ ಬರಲಿಲ್ಲ. ಬರೆಯುವಾಗ ಈ ಸಾಲಿಗೆ ಬಂದರೆ ಇಂದಿಗೂ ಕೈ ನಿಲ್ಲುತ್ತದೆ.

ಫೆಬ್ರುವರಿಯಲ್ಲಿ ಅವಳು ಹೇಳದೆ ಹೊರಟಳು. ಹುಬ್ಬಳ್ಳಿಯ ಹಳೇ ಬಸ್‌ ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸು ಹತ್ತಿದವಳನ್ನು ಕಂಡಕ್ಟರು, "ಒಬ್ಬಾಕೆನ ಎಲ್ಲಿಗೆ ಹೊಂಟೀಯವಾ?" ಎಂದು ಕೇಳಿದ್ದಾರೆ. "ತಮ್ಮನ ಹಂತ್ಯಾಕ." ಆ ಪುಣ್ಯಾತ್ಮ ಅವಳನ್ನು ಇಳಿಸಿ ಹೋಗಲಿಲ್ಲ, ಟಿಕೆಟಿಗೆ ಗದರಿಸಲೂ ಇಲ್ಲ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಮಾಡಿಸಿ, ಅವರು ಬರುವವರೆಗೂ ಬಸ್ಸನ್ನು ನಿಲ್ಲಿಸಿಕೊಂಡರು.

ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ನನ್ನನ್ನು ಕರೆದರು. ಸಮಿತಿಯ ಹಿರಿಯ ಹೆಣ್ಣುಮಗಳೊಬ್ಬರು ಕಾಗದ ತಿರುವುತ್ತ, "ಈ ಮಗುವನ್ನ ನಿಮ್ಮ ಸುಪರ್ದಿಗೆ ಯಾರು ಕೊಟ್ಟರು?" ಎಂದು ಕೇಳಿದರು. ಅವರಪ್ಪ ಎಂದೆ. "ಬರೆದುಕೊಟ್ಟಿದ್ದಾರಾ? ಮಗುವನ್ನ ಕೇಳಿದ್ರಾ?" ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ ಸೇರಿದ್ದು 1992ರಲ್ಲಿ. ಅದರ ಒಂಬತ್ತನೇ ವಿಧಿ ಮಗುವನ್ನು ಸುಮ್ಮಸುಮ್ಮನೆ ತಂದೆತಾಯಿಯಿಂದ ಅಗಲಿಸಬಾರದೆನ್ನುತ್ತದೆ, ಹನ್ನೆರಡನೆಯದು ಅದಕ್ಕೆ ಸಂಬಂಧಪಟ್ಟ ವಿಷಯದಲ್ಲಿ ಅದರ ಮಾತು ಕೇಳಬೇಕೆನ್ನುತ್ತದೆ. ಇದನ್ನು ತರಗತಿಯಲ್ಲಿ ಹೇಳುವ ಮೇಷ್ಟರು ನಾವು. ಸಮಿತಿಯವರು ಅವಳನ್ನು ಊರಿಗೆ ಕಳಿಸಿದರು.

ಅವಳು ಮನೆ ಮುಟ್ಟಿದಾಗ ತಮ್ಮ ಅಲ್ಲಿರಲಿಲ್ಲ. ಹುಡುಗಿ ಮನೆಯಲ್ಲಿದ್ದರೆ ಚಿಕ್ಕವನನ್ನು ಅವಳಿಗೆ ಬಿಟ್ಟು ಗಂಡಹೆಂಡತಿ ಅಲ್ಲೇ ಕೂಲಿ ಮಾಡಿಕೊಂಡಿರುತ್ತಿದ್ದರು. ಅವಳು ಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ, ಅವನನ್ನೂ ಎತ್ತಿಕೊಂಡು ಗೋವಾಕ್ಕೆ ಕಟ್ಟಡದ ಕೆಲಸಕ್ಕೆ ಹೋಗಿದ್ದರು. ಊರಲ್ಲಿ ಅಂಗನವಾಡಿಗೆ ಹೋಗುತ್ತಿದ್ದ ಮಗು ಅಲ್ಲಿ ಮರಳಿನ ಗುಡ್ಡೆಯ ಮೇಲೆ ದಿನ ಕಳೆಯುತ್ತಿತ್ತು. ಒಂದು ಮಗುವಿನ ಓದು ಉಳಿಸುತ್ತೇನೆಂದು ಹೋಗಿ ಎರಡು ಮಕ್ಕಳ ಬದುಕನ್ನು ಅಲುಗಾಡಿಸಿದ್ದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ತಿಳಿಯದೆ ಆದ ತಪ್ಪು ಎಂದುಕೊಂಡು ಇರಬಹುದಿತ್ತು. ಮುಂದಿನದು ತಿಳಿದೂ ಮಾಡಿದ್ದು. ಊರ ಶಾಲೆಯ ಹಳೆಯ ಹೆಡ್‌ ಮಾಸ್ತರಿಗೆ ಅಷ್ಟರಲ್ಲಿ ವರ್ಗವಾಗಿತ್ತು. ಹೊಸಬರು ಧಾರವಾಡದಿಂದ ಟಿ.ಸಿ. ತನ್ನಿ ಅಂದರು. ಗೋವಾದಿಂದ ಬಂದ ಅಪ್ಪ ಧಾರವಾಡಕ್ಕೆ ಹೋದರೆ, ಸೇರಿಸಿದವರೇ ಬಂದು ಸಹಿ ಮಾಡಬೇಕೆಂದು ಶಾಲೆಯವರು ಹೇಳಿ ಕಳಿಸಿದರು. ಅವನು ನನಗೆ ಎರಡು ಸಲ ಫೋನು ಮಾಡಿದ. ಎರಡು ಸಲವೂ "ಮುಂದಿನ ವಾರ ನೋಡೋಣು" ಅಂದೆ. ಪರೀಕ್ಷೆಯ ಕೆಲಸ ಇದ್ದದ್ದು ನಿಜ. ಆದರೆ ಹೋಗದಿರಲು ಕಾರಣ ಅದಲ್ಲ. ನನಗೆ ನೋವಾಗಿತ್ತು. ಇಷ್ಟೆಲ್ಲ ಮಾಡಿದರೂ ಓಡಿಹೋದಳಲ್ಲ, ಸಮಿತಿಯ ಮುಂದೆ ನನ್ನ ಮರ್ಯಾದೆ ಹೋಯಿತಲ್ಲ ಎಂಬ ಸಿಟ್ಟು ಒಳಗೇ ಕೂತಿತ್ತು. ಹನ್ನೊಂದು ವರ್ಷದ ಹುಡುಗಿಯ ಮೇಲೆ ಮುನಿಸು. ಮೂರನೇ ಸಲ ಅವನು ಫೋನು ಮಾಡಲಿಲ್ಲ.

ಆ ಏಪ್ರಿಲ್ 1ರಂದೇ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಟಿ.ಸಿ. ಬರುವುದು ತಡವಾಯಿತೆಂದು ಎಂಟನೇ ತರಗತಿಯವರೆಗಿನ ಮಗುವಿಗೆ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಅದರ ಐದನೇ ಸೆಕ್ಷನ್ ಹೇಳುತ್ತದೆ. ಆ ಒಂದು ಸಾಲನ್ನು ಜೂನ್‌ನಲ್ಲಿ ಯಾರಾದರೂ ಊರ ಶಾಲೆಯ ಮೇಜಿನ ಮೇಲಿಟ್ಟಿದ್ದರೆ ಸಾಕಿತ್ತು. ನಾನು ಇಡಬಹುದಿತ್ತು. ಅವಳು ಮತ್ತೆ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಬಂತು. ನವಿಲುತೀರ್ಥದ ಅಣೆಕಟ್ಟು ತುಂಬಿ ನೀರು ಬಿಟ್ಟರು, ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೂ ನೀರು ಹೊಕ್ಕಿತು. 2009ರ ನಂತರ ಆಸರೆ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಮನೆ ಕಟ್ಟಿಕೊಟ್ಟಿದ್ದರು. ಆದರೆ ದನ ಕಟ್ಟಲು ಜಾಗವಿಲ್ಲ, ಹೊಲ ದೂರ ಎಂದು ಬಹಳ ಮಂದಿ ಹಳೆಯ ಊರಲ್ಲೇ ಉಳಿದಿದ್ದರು. ಅವರನ್ನೂ ಕೇಳಿ ಕಟ್ಟಿದ್ದರೆ ಚೆನ್ನಾಗಿತ್ತು.

ಈ ಸಲ ಬಟ್ಟೆ ಒಯ್ಯಲಿಲ್ಲ. ವಿದ್ಯಾರ್ಥಿಗಳೊಂದಿಗೆ ಅದೇ ಊರಿಗೆ ಹೋಗಿ ಶಾಲೆಯಲ್ಲಿದ್ದ ಗಂಜಿ ಕೇಂದ್ರದ ಒಂದು ಕೋಣೆ ಕೇಳಿ ಪಡೆದು, ಊರಿನ ಅಂಗನವಾಡಿ ಟೀಚರನ್ನೇ ಅಲ್ಲಿ ಮಕ್ಕಳೊಡನೆ ಕೂರಿಸಿದೆವು. ಯಾವ ಮನೆಯ ಯಾವ ಕಾಗದ ನೀರು ಪಾಲಾಗಿದೆ ಎಂದು ಪಟ್ಟಿ ಮಾಡಿದೆವು. ಏನು ಬೇಕು ಎಂದು ಮಕ್ಕಳನ್ನೇ ಕೇಳಿದಾಗ ಒಬ್ಬ ಹುಡುಗ, "ನಮ್ಮ ಆಡಿನ ಮರಿ ಹುಡುಕ್ಯಾಡಿ ಕೊಡ್ರಿ" ಅಂದ. ಅರ್ಧ ದಿನ ಹುಡುಕಿದೆವು, ಸಿಗಲಿಲ್ಲ. ಹುಡುಗ ಮಾತ್ರ ಆ ಅರ್ಧ ದಿನ ನಮ್ಮ ಜತೆಗೇ ಇದ್ದ.

ಎರಡನೇ ದಿನ ಪಟ್ಟಿ ಬರೆಸುವ ಸಾಲಿನಲ್ಲಿ ಅವಳು ನಿಂತಿದ್ದಳು. ಇಪ್ಪತ್ತೊಂದು ವರ್ಷ. ಬಗಲಲ್ಲಿ ಒಂದು ಹೆಣ್ಣುಕೂಸು, ಹಿಂದೆ ತನಗಿಂತ ಎತ್ತರ ಬೆಳೆದ ತಮ್ಮ. ಹದಿನೇಳಕ್ಕೇ ಮದುವೆಯಾಗಿತ್ತು. ನನ್ನನ್ನು ಗುರುತಿಸಿ, "ಆರಾಮ ಅದೀರ್ರೀ ಸರ?" ಎಂದು ಕೇಳಿದಳು. ನಾನು ಇಟ್ಟುಕೊಂಡಿದ್ದ ಮಾತುಗಳೆಲ್ಲ ಗಂಟಲಲ್ಲೇ ಉಳಿದವು. "ನನ್ನಿಂದ ತಪ್ಪಾತವಾ" ಅಂದೆ. ಅವಳು ಅದಕ್ಕೇನೂ ಹೇಳಲಿಲ್ಲ. ಕೂಸನ್ನು ಇನ್ನೊಂದು ಬಗಲಿಗೆ ಬದಲಿಸಿ, "ಅಂಗನವಾಡ್ಯಾಗ ಸಹಾಯಕಿ ಕೆಲಸಕ್ಕ ಅರ್ಜಿ ಹಾಕಬೇಕಂತ ಮಾಡೀನಿ. ಓದಿದ್ದಕ್ಕ ಕಾಗದ ಕೇಳ್ತಾರ. ಇಲ್ಲಿ ಸಾಲ್ಯಾಗಿಂದು ಅವಾಗನ ಹೊಳಿ ಪಾಲಾಗೇತಿ. ಧಾರವಾಡದ ಟಿ.ಸಿ. ಸಿಗ್ತೈತೇನ್ರೀ?" ಅಂದಳು.

ಮರುದಿನವೇ ಧಾರವಾಡದ ಆ ಶಾಲೆಗೆ ಹೋದೆ. ಗುಮಾಸ್ತರು ಕಪಾಟಿನಿಂದ 2009ರ ದಾಖಲಾತಿ ಪುಸ್ತಕ ತೆಗೆದು ಧೂಳು ಒರೆಸಿ ಸಾಲಿನ ಮೇಲೆ ಬೆರಳಿಟ್ಟರು. ಒಂಬತ್ತು ವರ್ಷದ ಹಿಂದೆ ಬಂದು ಮಾಡಬೇಕಿದ್ದ ಸಹಿಯನ್ನು ಅಂದು ಮಾಡಿದೆ. ವಾರ ಬಿಟ್ಟು ಟಿ.ಸಿ. ಒಯ್ದು ಅವಳ ಕೈಗೆ ಕೊಟ್ಟೆ.

ಅವಳು ಅಲ್ಲೇ ನಿಂತು, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಹೆಸರು ಓದಿದಳು, ಊರಿನ ಹೆಸರು ಓದಿದಳು. ಬೆರಳು ಮುಂದಿನ ಸಾಲಿನಲ್ಲಿ ನಿಂತಿತು. ತಂದೆ ಅಥವಾ ಪೋಷಕರು ಎಂದಿದ್ದಲ್ಲಿ ನನ್ನ ಹೆಸರಿತ್ತು. ಅಂದು ಅವಸರದಲ್ಲಿ ನಾನೇ ಅರ್ಜಿಯಲ್ಲಿ ತುಂಬಿದ್ದು ಅಲ್ಲಿಂದ ಪುಸ್ತಕಕ್ಕೆ, ಪುಸ್ತಕದಿಂದ ಇಲ್ಲಿಗೆ ಇಳಿದಿತ್ತು.

"ಇದರಾಗ ನಮ್ಮಪ್ಪನ ಹೆಸರು ಎಲ್ಲೈತ್ರೀ ಸರ?"

ತಿದ್ದುಪಡಿಗೆ ಮತ್ತೆ ಎರಡು ಸಲ ಧಾರವಾಡಕ್ಕೆ ಹೋಗಬೇಕಾಯಿತು. ಎರಡನೇ ಸಲ ಅವಳಪ್ಪನೂ ನಮ್ಮೊಂದಿಗೆ ಬಂದ. ಗುಮಾಸ್ತರು ಶಾಯಿಯ ಪ್ಯಾಡು ಮುಂದಿಟ್ಟಾಗ ಹೆಗಲ ಟವೆಲಿನಿಂದ ಕೈ ಒರೆಸಿಕೊಂಡು, ತನ್ನ ಹೆಸರಿನ ಕೆಳಗೆ ಎಡಗೈ ಹೆಬ್ಬೆಟ್ಟು ಒತ್ತಿದ.