ಶೇಷವೆಷ್ಟು?

ನಾನು ಈ ಶಾಲೆಯ ವಿದ್ಯಾರ್ಥಿನಿಯಾಗಿದ್ದ ಕಾಲದಲ್ಲಿ ನಮ್ಮ ಗಣಿತದ ಉಪಾಧ್ಯಾಯಿನಿಯವರು, ಭಾಗಲಬ್ಧವನ್ನು ಬರೆದ ಮಾತ್ರಕ್ಕೆ ಭಾಗಾಕಾರದ ಲೆಕ್ಕವು ಮುಗಿಯಿತೆಂದು ಎಂದೂ ಒಪ್ಪುತ್ತಿರಲಿಲ್ಲ. “ಶೇಷವೆಷ್ಟಮ್ಮಾ?” ಎಂದು ಕೇಳುವರು. ಅದನ್ನು ಹೇಳಿದ ಮೇಲೆ ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ, ಶೇಷವನ್ನು ಕೂಡಿಸಿ, ಭಾಜ್ಯವು ಮರಳಿ ಬಂದಿತೆಂದು ತಾಳೆ ತೋರಿಸಬೇಕಾಗಿತ್ತು. ಅದು ವೃಥಾ ಶ್ರಮವೆಂದು ನಾವು ಗೊಣಗುತ್ತಿದ್ದೆವು.

ಮುಂದೆ ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವ ಉದ್ಯೋಗಕ್ಕೆ ಸೇರಿದೆನು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಡೆನಿಸ್ ರಿಚಿಯವರು ರೂಪಿಸಿದ ‘ಸಿ’ ಎಂಬ ಭಾಷೆಯೇ ನನ್ನ ಸಾಧನ. ಈ ಭಾಷೆಯಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಲು ಓರೆಗೆರೆಯನ್ನು ಬರೆದರೆ ಭಾಗಲಬ್ಧ ಮಾತ್ರ ದೊರೆಯುವುದು; ಭಿನ್ನಾಂಶವನ್ನು ಯಂತ್ರವು ಸದ್ದಿಲ್ಲದೆ ಬಿಟ್ಟುಬಿಡುವುದು. ಶೇಷ ಬೇಕಾದವರು ಶೇಕಡಾ ಚಿಹ್ನೆಯನ್ನು ಬರೆದು ಬೇರೆಯಾಗಿ ಕೇಳಬೇಕು. ಕೇಳದವರಿಗೆ ಅದು ತಾನಾಗಿ ಹೇಳದು.

ಒಮ್ಮೆ ಒಂದು ಪರೀಕ್ಷೆಗೆ ಕೊಠಡಿಗಳನ್ನು ಹಂಚುವ ಪ್ರೋಗ್ರಾಂ ಬರೆಯುವ ಭಾರವು ನನ್ನ ಮೇಲೆ ಬಿದ್ದಿತು. ಅಭ್ಯರ್ಥಿಗಳು 250, ಕೊಠಡಿಗೆ 40 ಮಂದಿ. ಭಾಗಿಸಿದೆನು, 6 ಬಂದಿತು. ಆರು ಕೊಠಡಿಗಳು ಸಿದ್ಧವಾದುವು. ಪರೀಕ್ಷೆಯ ಬೆಳಿಗ್ಗೆ 10 ಮಂದಿ ಪ್ರವೇಶಪತ್ರವನ್ನು ಹಿಡಿದು ಜಗಲಿಯಲ್ಲಿ ನಿಂತಿದ್ದರು. “ನನ್ನ ಹೆಸರು ಯಾವ ಕೋಣೆಯಲ್ಲಿದೆ, ಮೇಡಂ?” ಎಂದು ಅವರಲ್ಲೊಬ್ಬಳು ಕಣ್ಣೀರು ತುಂಬಿ ಕೇಳಿದಾಗ ನನಗೆ ಉತ್ತರವೇ ಹೊರಡಲಿಲ್ಲ. ಯಂತ್ರವು ತಪ್ಪು ಮಾಡಿರಲಿಲ್ಲ. ಶೇಷವನ್ನು ಕೇಳದೆ ಹೋದವಳು ನಾನು. ಏಳನೆಯ ಕೊಠಡಿಯನ್ನು ತೆರೆಯಿಸಿ ಅವರನ್ನು ಕುಳ್ಳಿರಿಸುವಷ್ಟರಲ್ಲಿ ಅರ್ಧ ಗಂಟೆ ಕಳೆದಿತ್ತು. ಶೇಷವು ಸೊನ್ನೆಯಲ್ಲದಿದ್ದರೆ ಒಂದು ಕೊಠಡಿಯನ್ನು ಹೆಚ್ಚಿಸಬೇಕೆಂಬ ಒಂದೇ ಸಾಲನ್ನು ಆ ಸಂಜೆ ಸೇರಿಸಿದೆನು.

ಬಳಿಕ ಆ ಭಾಷೆಯ ನಿಯಮಗ್ರಂಥವನ್ನು ತೆರೆದು ನೋಡಿದೆನು. ಭಾಗಲಬ್ಧವನ್ನು ಭಾಜಕದಿಂದ ಗುಣಿಸಿ ಶೇಷವನ್ನು ಕೂಡಿಸಿದರೆ ಭಾಜ್ಯವೇ ಬರತಕ್ಕದ್ದೆಂದು ಅಲ್ಲಿ ವಿಧಿಸಲಾಗಿದೆ. ಋಣ ಸಂಖ್ಯೆಗಳಿಗೂ ಇದೇ ಕಟ್ಟಳೆ. 1999ರ ನಿಯಮದಂತೆ ಋಣ 7ನ್ನು 2ರಿಂದ ಭಾಗಿಸಿದರೆ ಭಾಗಲಬ್ಧ ಋಣ 3, ಶೇಷ ಋಣ 1. ತಾಳೆ ನೋಡಿದರೆ ಋಣ 7 ಸರಿಯಾಗಿ ಮರಳುವುದು. ನಮ್ಮ ಉಪಾಧ್ಯಾಯಿನಿಯವರು ಕಪ್ಪುಹಲಗೆಯ ಮೇಲೆ ಬರೆಯಿಸುತ್ತಿದ್ದ ತಾಳೆಯಲ್ಲವೇ ಇದು!

ಸಹಪಾಠಿನಿಯರಾಗಿದ್ದ ಸೋದರಿಯರೇ, ಮಾತಾಪಿತೃಗಳೇ, ನಿಮ್ಮ ಮಕ್ಕಳು ತಾಳೆ ನೋಡಲು ಬೇಸರಪಟ್ಟರೆ ಗದರಿಸಬೇಡಿರಿ. ಜಗಲಿಯಲ್ಲಿ ನಿಂತಿದ್ದ ಆ ಹತ್ತು ಮಂದಿಯ ಸಂಗತಿಯನ್ನು ಹೇಳಿ, “ಶೇಷವೆಷ್ಟು?” ಎಂದು ಕೇಳಿರಿ.