ನಿವೃತ್ತಿಯ ಮನೆ ಎಲ್ಲಿರಬೇಕು?

ಗಲ್ಫ್‌ನಲ್ಲಿ ಇಪ್ಪತ್ತು ಮೂವತ್ತು ವರ್ಷ ದುಡಿದವರ ಮನೆಗಳಲ್ಲಿ ಒಂದಲ್ಲ ಒಂದು ದಿನ ಈ ಪ್ರಶ್ನೆ ಏಳುತ್ತದೆ: ಇನ್ನು ಮುಂದೆ ಎಲ್ಲಿ? ಅಲ್ಲಿನ ವಾಸದ ಪರವಾನಗಿ ನೌಕರಿಗೆ ಅಂಟಿಕೊಂಡದ್ದು. ನೌಕರಿ ಮುಗಿಯಿತೆಂದರೆ ಹೆಚ್ಚಿನವರಿಗೆ ಪೆಟ್ಟಿಗೆ ಕಟ್ಟುವ ಸಮಯ ಬಂತೆಂದೇ ಅರ್ಥ. ಆಯುಷ್ಯದ ಅರ್ಧ ಭಾಗ ಕಳೆದ ಊರು ಕೊನೆಗೂ ನಮ್ಮದಾಗುವುದಿಲ್ಲ.

ಈಚೆಗೆ ಕೆಲವು ಬಾಗಿಲುಗಳು ತೆರೆದಿವೆ. 2020ರಲ್ಲಿ ದುಬೈ, 55 ವರ್ಷ ದಾಟಿದವರಿಗಾಗಿ 5 ವರ್ಷಗಳ ನಿವೃತ್ತಿ ವೀಸಾ ಆರಂಭಿಸಿತು. ಅದನ್ನು ನವೀಕರಿಸಲೂಬಹುದು. ಆದರೆ ಆಗ ಇಟ್ಟ ಷರತ್ತು ನೋಡಿ: ತಿಂಗಳಿಗೆ 20 ಸಾವಿರ ದಿರ್ಹಮ್ ಆದಾಯವಿರಬೇಕು, ಇಲ್ಲವೇ 10 ಲಕ್ಷ ದಿರ್ಹಮ್ ಉಳಿತಾಯವಿರಬೇಕು, ಅದೂ ಇಲ್ಲದಿದ್ದರೆ ಅಲ್ಲಿ ದೊಡ್ಡ ಮೊತ್ತದ ಆಸ್ತಿ ಇರಬೇಕು. ಮಲೇಶಿಯಾ ಕೂಡ 2002ರಿಂದ ಹೊರನಾಡಿನವರಿಗೆ ದೀರ್ಘಾವಧಿಯ ವೀಸಾ ಕೊಡುತ್ತಿದೆ. ಅಲ್ಲಿಯೂ ಬ್ಯಾಂಕಿನಲ್ಲಿ ದೊಡ್ಡ ಠೇವಣಿ ಇಡಬೇಕು. ಅಂಗಡಿಯಲ್ಲಿ ಲೆಕ್ಕ ಬರೆದು, ವಾಹನ ಓಡಿಸಿ ಮಕ್ಕಳನ್ನು ಓದಿಸಿದವರಿಗೆ ಇವು ಎಟುಕುವ ಬಾಗಿಲುಗಳಲ್ಲ. ಇನ್ನು ಮಗ ಕೆನಡಾದಲ್ಲಿದ್ದರೆ ಅಲ್ಲಿಯ ಹಿಮಕ್ಕೆ ಹೆದರಿ ತಂದೆ ತಾಯಿ ಆರು ತಿಂಗಳಿಗೇ ಮರಳುತ್ತಾರೆ.

ಹೀಗೆ ಮರಳಿದ ಅನೇಕರು ಆರಿಸಿಕೊಳ್ಳುವುದು ಬೆಂಗಳೂರಿನ ದಕ್ಷಿಣ ಭಾಗವನ್ನು. ಈ ನಗರಕ್ಕೆ ‘ಪಿಂಚಣಿದಾರರ ಸ್ವರ್ಗ’ ಎಂಬ ಹೆಸರು ಹಿಂದಿನಿಂದಲೂ ಇದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ಕರಾವಳಿಯ ಬೆವರೂ ಇಲ್ಲ, ಮರುಭೂಮಿಯ ಉರಿಯೂ ಇಲ್ಲ. ಆದರೂ ಹಳೆಯ ಹೆಸರನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಇಲ್ಲಿಯೂ ಬಿಸಿಲು 39.2 ಡಿಗ್ರಿ ಮುಟ್ಟಿತ್ತು.

1948ರಲ್ಲಿ ರೂಪುಗೊಂಡ ಜಯನಗರ ಬ್ಲಾಕುಗಳಾಗಿ ಯೋಜಿಸಿ ಕಟ್ಟಿದ ಬಡಾವಣೆ. ಅಗಲ ರಸ್ತೆ, ದೊಡ್ಡ ಮರಗಳ ನೆರಳು, 4ನೇ ಬ್ಲಾಕ್‌ನಲ್ಲಿ ಮಾರುಕಟ್ಟೆ, ಬಸ್ ನಿಲ್ದಾಣ, ಎಲ್ಲವೂ ನಡೆದು ಹೋಗುವಷ್ಟು ದೂರದಲ್ಲಿವೆ. ಬೆಲೆ ಮಾತ್ರ ಕೈ ಸುಡುತ್ತದೆ. ಪಕ್ಕದ ತಿಲಕ್ ನಗರ, ಗುರಪ್ಪನಪಾಳ್ಯಗಳಲ್ಲಿ ನಮ್ಮವರ ಮನೆಗಳು ಹೆಚ್ಚು. ಮಸೀದಿ, ಮಾಂಸದಂಗಡಿ ಕೂಗಳತೆಯಲ್ಲಿವೆ. ಆದರೆ ಓಣಿಗಳು ಇಕ್ಕಟ್ಟು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ಹೊತ್ತ ಬಿ.ಟಿ.ಎಂ. ಬಡಾವಣೆಯಲ್ಲಿ ದುಡಿಯುವ ಯುವಜನರ ಗದ್ದಲ ಜಾಸ್ತಿ. ಜೆ.ಪಿ. ನಗರ ಮತ್ತು ಬನಶಂಕರಿ ದೊಡ್ಡ ಬಡಾವಣೆಗಳು. ಅಲ್ಲಿ ಮೆಟ್ರೋ ಹತ್ತಿರವಿರುವ ಕಡೆ ಮನೆ ನೋಡುವುದು ಒಳ್ಳೆಯದು. 2017ರಲ್ಲಿ ಹಸಿರು ಮಾರ್ಗ ಯಲಚೇನಹಳ್ಳಿಯವರೆಗೆ ಬಂತು. 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಹೊರಟು ಜಯದೇವ ಆಸ್ಪತ್ರೆ, ಬಿ.ಟಿ.ಎಂ. ಬಡಾವಣೆಗಳ ಮೂಲಕ ಬೊಮ್ಮಸಂದ್ರಕ್ಕೆ ಹೋಗುತ್ತದೆ. ಹೃದ್ರೋಗವಿರುವವರಿಗೆ ಜಯದೇವ, ನರರೋಗಕ್ಕೆ ನಿಮ್ಹಾನ್ಸ್, ಎರಡೂ ಸರಕಾರಿ ಸಂಸ್ಥೆಗಳು ಇದೇ ಭಾಗದಲ್ಲಿವೆ. ಅರವತ್ತು ದಾಟಿದವರಿಗೆ ಇದು ಸಣ್ಣ ಅನುಕೂಲವಲ್ಲ.

ಮನೆ ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಕಾವೇರಿ ನೀರಿನ ಸಂಪರ್ಕ ಇದೆಯೇ ಎಂದು ಮೊದಲು ಕೇಳಿ. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗಾಗಿ ಕಾದವರ ಪಾಡು ಎಲ್ಲರೂ ಕಂಡದ್ದೇ. ಲಿಫ್ಟ್ ಇಲ್ಲದ ಮೂರನೇ ಮಹಡಿ ಇಂದು ಅಗ್ಗವೆನಿಸಬಹುದು. ಮಂಡಿ ನೋವು ಶುರುವಾದಾಗ ಅದೇ ಸೆರೆಮನೆ. ಆರೋಗ್ಯ ವಿಮೆಯನ್ನು ಊರಿಗೆ ಬಂದ ಮೇಲೆ ಮಾಡಿಸೋಣ ಎಂದು ಮುಂದೂಡಬೇಡಿ. ಮೊದಲೇ ಇರುವ ಕಾಯಿಲೆಗಳಿಗೆ ವಿಮೆ ಸಿಗಲು 3 ವರ್ಷದವರೆಗೂ ಕಾಯಬೇಕಾಗಬಹುದು.

ಇಷ್ಟೆಲ್ಲ ಲೆಕ್ಕ ಹಾಕುವಾಗ ಒಬ್ಬಳನ್ನು ಮರೆತೇಬಿಡುತ್ತೇವೆ. ಪತಿ ವಿದೇಶದಲ್ಲಿದ್ದ ಅಷ್ಟೂ ವರ್ಷ ಊರಿನಲ್ಲಿ ಮಕ್ಕಳನ್ನು ಸಾಕಿ, ಅತ್ತೆ ಮಾವನ ಸೇವೆ ಮಾಡಿ, ನೆರೆಹೊರೆಯನ್ನೇ ಬಂಧುಬಳಗ ಮಾಡಿಕೊಂಡವಳು ಆಕೆ. ಉಡುಪಿಯಲ್ಲೋ ಭಟ್ಕಳದಲ್ಲೋ ಬೇರು ಬಿಟ್ಟವಳನ್ನು ಕಿತ್ತು ತಂದು, ಯಾರ ಮುಖವೂ ಪರಿಚಯವಿಲ್ಲದ ಫ್ಲ್ಯಾಟಿನಲ್ಲಿ ನೆಟ್ಟರೆ ಹವೆ ಎಷ್ಟು ತಂಪಾಗಿದ್ದರೇನು? ಪತಿಗೆ ಅದು ಮರಳಿ ಬಂದ ಮನೆ. ಆಕೆಗೆ ಅದು ಹೊಸ ಪರದೇಶ. ಬೆಂಗಳೂರಿನಲ್ಲಿಯೇ ಮಕ್ಕಳನ್ನು ಬೆಳೆಸಿದವಳನ್ನು ಹಳ್ಳಿಯ ದೊಡ್ಡ ಮನೆಗೆ ಒಯ್ದರೂ ಮಾತು ಇದೇ.

ಆದ್ದರಿಂದ ದಲ್ಲಾಳಿಯನ್ನು ಕೇಳುವ ಮೊದಲು ಪತ್ನಿಯನ್ನು ಕೇಳಿ. ಮಧ್ಯರಾತ್ರಿ ಎದೆನೋವು ಬಂದರೆ ಯಾವ ಬಾಗಿಲು ತಟ್ಟುತ್ತೀಯಾ, ಮಧ್ಯಾಹ್ನ ಬೇಸರವಾದರೆ ಯಾರ ಮನೆಗೆ ಹೋಗುತ್ತೀಯಾ ಎಂದು ವಿಚಾರಿಸಿ. ನಾಳೆ ನಾವಿಬ್ಬರಲ್ಲಿ ಒಬ್ಬರೇ ಉಳಿದರೆ ಆ ಮನೆಯಲ್ಲಿ ಬದುಕಲು ಸಾಧ್ಯವೇ ಎಂಬುದನ್ನು ಇಬ್ಬರೂ ಕೂತು ಮಾತನಾಡಿ. ಮಾತು ಕಹಿಯೆನಿಸೀತು, ಆದರೆ ಆಡಲೇಬೇಕಾದ ಮಾತು. ಅದಕ್ಕೆ ಇಬ್ಬರೂ ಹೌದೆನ್ನುವ ಬೀದಿ ಯಾವುದೋ, ನಿಮ್ಮ ನಿವೃತ್ತಿಯ ಮನೆ ಅಲ್ಲಿರಲಿ.