ಲೈಬ್ರರಿಗೊಂದು ಬೇರೆ ದಾರಿ

ಯಾರು ಕಳಿಸಿದರೂ ಸರಿ, ಯಾವ ಟ್ಯಾಗ್ ಆದರೂ ಸರಿ ಅಂತ ನನ್ನ ಕೋಡ್ ಮೆಸೇಜಿಗೆ ಕಾಯುತ್ತಿತ್ತು. ಕೈಗೆ ಸಿಕ್ಕಿದ್ದು ನಾನು ಕರೆದಿದ್ದ ಲೈಬ್ರರಿಯ ಒಳಗಿನ ಮೆಸೇಜು! ಉತ್ತರ ತಪ್ಪು, ಅದೂ ಯಾವಾಗಲೋ ಒಮ್ಮೊಮ್ಮೆ ಮಾತ್ರ. ಎರಡು ದಿನ ಹುಡುಕಿದೆ.

ಪ್ರೊಸೆಸ್‌ಗಳು ಪರಸ್ಪರ ಮೆಸೇಜು ಕಳಿಸಲೆಂದು 1994ರಲ್ಲೇ ಬಂದ ಎಂಪಿಐ ಸ್ಟ್ಯಾಂಡರ್ಡ್ ಇದನ್ನೆಲ್ಲ ಮೊದಲೇ ಯೋಚಿಸಿಟ್ಟಿದೆ. ಅದರಲ್ಲಿ ಮೆಸೇಜುಗಳು ಕಮ್ಯುನಿಕೇಟರ್ ಅನ್ನುವ, ಪ್ರೊಸೆಸ್‌ಗಳ ಗುಂಪಿನ ಪ್ರತ್ಯೇಕ ದಾರಿಯಲ್ಲಿ ಸಾಗುತ್ತವೆ; ಒಂದು ಕಮ್ಯುನಿಕೇಟರ್‌ನ ಮೆಸೇಜು ಇನ್ನೊಂದಕ್ಕೆ ಕಾಣುವುದೇ ಇಲ್ಲ. ಲೈಬ್ರರಿ ಶುರುವಾಗುವಾಗ ‘ಎಂಪಿಐ ಕಾಮ್ ಡೂಪ್’ ಕರೆದು, ತನ್ನ ಮೆಸೇಜುಗಳನ್ನು ಅದು ಕೊಡುವ ಕಮ್ಯುನಿಕೇಟರ್‌ನಲ್ಲೇ ಕಳಿಸಿದರೆ ಸಾಕು: ಪ್ರೊಸೆಸ್‌ಗಳು ಅವೇ, ಕಮ್ಯುನಿಕೇಟರ್ ಮಾತ್ರ ಹೊಸದು. ನನ್ನ ಕೋಡ್, ಲೈಬ್ರರಿ ಎರಡೂ ಒಂದೇ ಟ್ಯಾಗ್ ಬಳಸಿದರೂ ಮೆಸೇಜುಗಳು ಬೆರೆಯುವುದಿಲ್ಲ. ಎಷ್ಟು ಚೆಂದದ ಯೋಚನೆ!

ಬೇರೆಯವರಿಗಾಗಿ ಲೈಬ್ರರಿ ಬರೆಯುವವರೇ, ಆ ಒಂದು ಸಾಲು ದಯವಿಟ್ಟು ಬಿಡಬೇಡಿ. ನಮ್ಮದಕ್ಕೆ ನಿನ್ನೆ ರಾತ್ರಿ ಸೇರಿಸಿದೆ.